ಅರ್ಧ ಸೆಂಟಿಮೀಟರ್ ಗೋಡೆ

ಕಟ್ಟಡಗಳ ಮಾಡೆಲ್ ಮಾಡುವುದು ನನ್ನ ಹೊಟ್ಟೆಪಾಡು. ಮಲಾಡಿನಲ್ಲಿ ಗಾಳಾ ಎಂದು ಕರೆಯುವ ಒಂದು ಸಣ್ಣ ಕೆಲಸದ ಮಳಿಗೆ ಬಾಡಿಗೆಗೆ ಹಿಡಿದು, ಫೋಮ್ ಬೋರ್ಡು ಕೊಯ್ದು ಅಂಟಿಸುತ್ತ ಕೂರುತ್ತೇನೆ. ನನ್ನ ಕೆಲಸದಲ್ಲಿ ಯಾರಾದರೂ ತಪ್ಪು ಹುಡುಕಿದರೆ ಮೈಯೆಲ್ಲ ಉರಿಯುತ್ತದೆ. ಧಾರವಾಡದವಳು, ಬಾಯಿಯೂ ಸುಮ್ಮನಿರುವುದಿಲ್ಲ. ಆದರೆ ಈ ತಪ್ಪನ್ನು ಬೇರೆ ಯಾರೂ ಹುಡುಕಲಿಲ್ಲ. ಅದೇ ದೊಡ್ಡ ತೊಂದರೆಯಾಯಿತು.

ಕುರ್ಲಾದ ಒಂದು ಹಳೆಯ ಚಾಳನ್ನು ಕೆಡವಿ ಟವರ್ ಎಬ್ಬಿಸುವವರಿದ್ದರು. ಬಿಲ್ಡರ್‌ಗೆ ಎರಡು ಮಾಡೆಲ್ ಬೇಕಿತ್ತು, ಹಳೆಯದೊಂದು, ಹೊಸದೊಂದು. ಎರಡನ್ನೂ ಮೀಟಿಂಗಿನಲ್ಲಿ ಅಕ್ಕಪಕ್ಕ ಇಟ್ಟು, ಹಳೆಯದರ ಪ್ರತಿ ಬಾಗಿಲಿಗೊಂದು ನಂಬರ್ ಹಚ್ಚಿ, ಅದೇ ನಂಬರಿನ ಫ್ಲ್ಯಾಟನ್ನು ಹೊಸದರಲ್ಲಿ ತೋರಿಸುವುದು ಅವರ ಲೆಕ್ಕ. ನಾನು ಟೇಪು ಹಿಡಿದು ಎರಡು ದಿನ ಅಳತೆ ಮಾಡಿದೆ.

ಮೊದಲ ಮಾಳಿಗೆಯಲ್ಲಿ ಹದಿಮೂರು ಮತ್ತು ಹದಿನಾಲ್ಕನೇ ಖೋಲಿಗಳ ನಡುವೆ ಮೂರಡಿ ಅಗಲದ ಒಂದು ಖೋಲಿಯಿತ್ತು. ಹಿಂದೆ ಅದು ಬರಿಯ ಓಣಿಯಂಥ ಸಂದು. ವಿಜಾಪುರ ಕಡೆಯ ಕಾಕಾ ಒಬ್ಬರು ಅದಕ್ಕೆ ಬಾಗಿಲು ಹಚ್ಚಿಕೊಂಡು, ನಾನು ಹುಟ್ಟುವ ಮೊದಲಿನಿಂದಲೂ ಅಲ್ಲಿದ್ದರು. ಸ್ಟೇಷನ್ನಿನ ಹೊರಗೆ ಕೂತು ಬ್ಯಾಗುಗಳ ಝಿಪ್ ರಿಪೇರಿ ಮಾಡುತ್ತಿದ್ದರು. ನನ್ನ ಕನ್ನಡ ಕೇಳಿ ಹಿಗ್ಗಿ, ಒಳಗೆ ಕರೆದು ಚಹಾ ಕೊಟ್ಟರು. ಎದುರುಬದುರು ಕೂತರೆ ಇಬ್ಬರ ಮೊಣಕಾಲೂ ತಾಗುತ್ತಿದ್ದವು.

"ತಂಗಿ, ನನ್ನ ಹಂತ್ಯಾಕ ಕಾಗದಾ-ಪತ್ರಾ ಏನೂ ಇಲ್ಲ," ಅಂದರು. "ಆ ಮಾಡೆಲ್‌ನ್ಯಾಗ ನನ್ನ ಬಾಗಲಾ ಬಂತಂದ್ರ ನಂಬರ್ ಹಚ್ತಾರಂತ. ನಂಬರ್ ಬಿದ್ರ ನನಗೂ ಒಂದು ಮನಿ."

"ಬರ್ತದ ಬಿಡ್ರಿ ಕಾಕಾ. ಬರದ ಎಲ್ಲಿ ಹೋಗ್ತದ?" ಅಂದೆ.

ನಮ್ಮ ಮಾಡೆಲ್ಲಿನಲ್ಲಿ ಒಂದು ಮೀಟರ್ ಅಂದರೆ ಒಂದು ಸೆಂಟಿಮೀಟರ್. ಫೋಮ್ ಬೋರ್ಡಿನ ದಪ್ಪ ಅರ್ಧ ಸೆಂಟಿಮೀಟರ್. ಗೋಡೆಗೆ ಅದು ಯಾವಾಗಲೂ ಹೆಚ್ಚೇ, ಆದರೆ ದೊಡ್ಡ ಕೋಣೆಗಳಲ್ಲಿ ಯಾರಿಗೂ ತಿಳಿಯುವುದಿಲ್ಲ. ಕಾಕಾನ ಖೋಲಿಯ ಎರಡೂ ಬದಿಗೆ ಗೋಡೆ ನಿಲ್ಲಿಸಿದ ಮೇಲೆ ನಡುವೆ ಉಳಿದದ್ದು ಉಗುರು ತೂರುವಷ್ಟು ಸಂದು. ಬಾಗಿಲೇ ಅದಕ್ಕಿಂತ ಅಗಲ. ಆ ಭಾಗವನ್ನೆಲ್ಲ ಕಿತ್ತು ತೆಳು ಕಾರ್ಡಿನಲ್ಲಿ ಮತ್ತೆ ಕಟ್ಟಬಹುದಿತ್ತು, ಎರಡು ದಿನದ ಕೆಲಸ. ಬಿಲ್ಡರ್‌ನ ಮನುಷ್ಯ ಫೋನಿನ ಮೇಲೆ ಫೋನು ಮಾಡುತ್ತಿದ್ದ. ನನಗೆ ತಲೆ ಕೆಟ್ಟಿತು. ಸಂದಿನೊಳಗೆ ಬೋರ್ಡಿನ ಚೂರು ತುರುಕಿ, ಮೇಲೆ ಹಳದಿ ಕಾಗದ ಅಂಟಿಸಿಬಿಟ್ಟೆ. ಆಗ ಕಾಕಾನ ನೆನಪು ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ಮೀಟಿಂಗಿನಲ್ಲಿ ಬಾಯಿಮಾತಿನಲ್ಲಿ ಹೇಳಿದರಾಯಿತು ಅಂದುಕೊಂಡೆ.

ಮೀಟಿಂಗಿನಲ್ಲಿ ಬಿಲ್ಡರ್‌ನ ಮನುಷ್ಯ, ಇಂಚಿಂಚೂ ಅಳೆದು ಮಾಡಿದ್ದು ಎಂದು ಎಲ್ಲರೆದುರು ನನ್ನನ್ನು ಹೊಗಳಿದ. ಜನ ಮಾಡೆಲ್ಲಿನ ಮೇಲೆ ಬಾಗಿ ತಂತಮ್ಮ ಬಾಗಿಲು ಹುಡುಕಿ ನಗುತ್ತಿದ್ದರು. ಕಾಕಾ ಕನ್ನಡಕ ಏರಿಸಿಕೊಂಡು, ಮೊದಲ ಮಾಳಿಗೆಯ ಗ್ಯಾಲರಿಯುದ್ದಕ್ಕೂ ಬೆರಳು ಸರಿಸಿದರು. ಹದಿಮೂರು ದಾಟಿತು, ಹದಿನಾಲ್ಕಕ್ಕೆ ಬಂತು. ಮತ್ತೆ ಹಿಂದೆ ಸರಿಸಿದರು.

"ಇಲ್ಲಿ ಇವರ ಖೋಲಿ ಇದೆ. ಮಾಡೆಲ್ಲಿನಲ್ಲಿ ನಾನೇ ಕೈಬಿಟ್ಟಿದ್ದೇನೆ," ಎಂದು ಜೋರಾಗಿಯೇ ಹೇಳಿದೆ.

ಹದಿಮೂರನೇ ಖೋಲಿಯ ಮಾವಶಿ, ಬೆಳಗಾವಿಯವರು, ದಿನಾ ಕಾಕಾನಿಗೆ ಭಾಜಿ ಕೊಡುತ್ತಿದ್ದವರು, ಬಾಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಇಲ್ಲಿ ಮೊದಲಿಂದ್ಲೂ ಗೋಡೀನ ಐತಲ್ಲ," ಅಂದರು.

ಚೇಷ್ಟೆ ಅಂದುಕೊಂಡೆ. ಅವರ ಮುಖ ನೋಡಿದೆ. ಚೇಷ್ಟೆಯಲ್ಲ, ಸುಳ್ಳೂ ಅಲ್ಲ. ಸುಳ್ಳಾಗಿದ್ದರೆ ಜಗಳ ತೆಗೆಯುತ್ತಿದ್ದೆ, ಅದು ನನಗೆ ಬರುತ್ತದೆ. ಮರೆತದ್ದು ಈಗ ನೆನಪಾಯಿತು ಎನ್ನುವ ಸಮಾಧಾನ ಆ ಮುಖದಲ್ಲಿತ್ತು. ಪಕ್ಕದವರೂ ಒಬ್ಬೊಬ್ಬರೇ ಬಾಗಿ ನೋಡಿ ತಲೆಯಾಡಿಸಿದರು.

ಮಾಡೆಲ್ ವಾಪಸು ತಂದೆ. ಹಳದಿ ಕಾಗದ ಸುಲಿದು, ತುರುಕಿದ್ದನ್ನು ಕಿತ್ತು, ತೆಳು ಕಾರ್ಡಿನ ಗೋಡೆ ನಿಲ್ಲಿಸಿ, ಬಾಗಿಲು ಕೊಯ್ದೆ. ನಾಲ್ಕನೇ ದಿನ ಅದನ್ನು ಹೊತ್ತು ಕುರ್ಲಾಕ್ಕೆ ಹೋದೆ.

ಹದಿಮೂರು ಮತ್ತು ಹದಿನಾಲ್ಕರ ನಡುವೆ ಗೋಡೆಯಿತ್ತು. ಇಟ್ಟಿಗೆ ಕಟ್ಟಿ, ಗಿಲಾವು ಮಾಡಿ, ಉಳಿದ ಗೋಡೆಯದೇ ಮಾಸಿದ ಹಳದಿ ಬಳಿದಿದ್ದರು. ಹೊಸ ಬಣ್ಣದ ವಾಸನೆಗಾಗಿ ಮೂಗು ಹತ್ತಿರ ಒಯ್ದೆ. ಬರಲಿಲ್ಲ. ಎದುರಿಗೆ ಗ್ಯಾಲರಿಯಲ್ಲಿ ಕಾಕಾ ತಮ್ಮ ಟ್ರಂಕಿನ ಮೇಲೆ ಕೂತಿದ್ದರು.

ಯಾರು ಕಟ್ಟಿದ್ದೆಂದು ಅಕ್ಕಪಕ್ಕದವರನ್ನು ಕೇಳಿದರೆ, ಏನು ಕಟ್ಟಿದ್ದು ಎಂದು ನನ್ನನ್ನೇ ಕೇಳಿದರು. ಟೇಪು ತೆಗೆದು ಎರಡು ಬಾಗಿಲುಗಳ ನಡುವಿನ ಅಂತರ ಅಳೆದೆ. ನೋಡಿ, ಇಷ್ಟು ದಪ್ಪ ಗೋಡೆ ಎಲ್ಲಾದರೂ ಇರುತ್ತದೆಯೇ ಎಂದು ಸೊಸೈಟಿಯ ಸೆಕ್ರೆಟರಿಗೆ ತೋರಿಸಿದೆ. ಅವರು ಫೋನಿನಲ್ಲಿದ್ದ ನನ್ನ ಮೊದಲ ಮಾಡೆಲ್ಲಿನ ಫೋಟೋ ತೆಗೆದು, ನೀವೇ ಅಳೆದು ದಪ್ಪ ಗೋಡೆ ಮಾಡಿದ್ದೀರಲ್ಲ ಮೇಡಂ ಎಂದು ಹಿಂದಿಯಲ್ಲಿ, ತುಂಬ ಮರ್ಯಾದೆಯಿಂದ ಹೇಳಿದರು. ಜನ ತಂತಮ್ಮ ಬಾಗಿಲಲ್ಲಿ ನಿಂತು ನನ್ನನ್ನು ಪಾಪ ಎನ್ನುವಂತೆ ನೋಡುತ್ತಿದ್ದರು. ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಎಲ್ಲರೂ ಒಳಗೆ ಹೋದ ಮೇಲೆ ಕಾಕಾನ ಹತ್ತಿರ ಹೋಗಿ ಹೊಸ ಬಾಗಿಲು ತೋರಿಸಿದೆ. ಅವರು ಅದನ್ನು ನೋಡಲಿಲ್ಲ. ಗೋಡೆಯನ್ನೇ ನೋಡುತ್ತಿದ್ದರು.

"ತಂಗಿ, ನೀ ಅಳತಿ ಮಾಡಿದಾಕಿ," ಅಂದರು. "ಖರೇ ಹೇಳು. ನಾ ಇಲ್ಲೇ ಇದ್ನೇನು?"

"ಇದ್ರಿ ಕಾಕಾ. ನನ್ನ ತಪ್ಪು. ನೀವು ಇಲ್ಲೇ ಇದ್ರಿ," ಅಂದೆ.

ಅವರು ನನ್ನ ಮುಖವನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು. ನನ್ನ ಮಾತನ್ನು ಅವರು ನಂಬಲಿಲ್ಲ.