ತಾಂಬೂಲದ ಜೊತೆಗೊಂದು ಆತ್ಮಕಥೆ

ಆತ್ಮಕಥೆ ಎಂದರೆ ಒಬ್ಬರು ತಮ್ಮ ಬದುಕನ್ನು ತಾವೇ ಬರೆದುಕೊಳ್ಳುವುದು ಎಂದು ನಮ್ಮ ಕನ್ನಡ ಮೇಷ್ಟ್ರು ಪಾಠ ಮಾಡಿದ್ದರು. ಪಾಪ, ಅವರಿಗೆ ಶಿವಮೊಗ್ಗದ ಪ್ರೆಸ್ಸುಗಳ ವಿಚಾರ ಗೊತ್ತಿರಲಿಲ್ಲ. ಇಲ್ಲಿ ಬದುಕಿದವರು ಯಾರೋ, ‘ನಾನು’ ಎಂದು ಬರೆಯುವವಳು ಈ ಮುಬೀನಾ. ಎಪ್ಪತ್ತು ತುಂಬಿದ ಯಜಮಾನರ ಸಮಾರಂಭದಲ್ಲಿ ಊಟ ಮುಗಿಸಿ ಹೊರಟವರ ಕೈಗೆ ತಾಂಬೂಲದ ಜೊತೆ ಒಂದು ಪುಸ್ತಕ ಕೊಡುತ್ತಾರಲ್ಲ, ಅದೇ ನನ್ನ ಹೊಟ್ಟೆಪಾಡು. ಮಿಲ್ಲಿನವರಾಗಿ, ಮಂಡಿ ಸಾಹುಕಾರರಾಗಿ, ಹೆಡ್ಮಾಸ್ತರರಾಗಿ ಹುಟ್ಟಿ ಬೆಳೆದು ನನಗೆ ಸಾಕಾಗಿ ಹೋಗಿದೆ. ಎಲ್ಲರೂ ಬಡತನದಲ್ಲೇ ಹುಟ್ಟುತ್ತಾರೆ, ಎಲ್ಲರೂ ಬೀದಿ ದೀಪದ ಕೆಳಗೇ ಓದುತ್ತಾರೆ. ಅಪ್ಪ ಅಮ್ಮನನ್ನು ಬಿಟ್ಟರೆ ಬೇರೆ ಯಾರೂ ಸಾಯುವುದಿಲ್ಲ. ಶುಭಕಾರ್ಯದಲ್ಲಿ ಹಂಚುವ ಪುಸ್ತಕದಲ್ಲಿ ಸಾವಿನ ಸುದ್ದಿ ಇರಬಾರದು ಎಂದು ಪ್ರತಿ ಮನೆಯವರೂ ಮೊದಲೇ ಹೇಳಿಬಿಡುತ್ತಾರೆ.

ಭದ್ರಾವತಿಯ ಜನ್ನಾಪುರದ ಹಾಲಸ್ವಾಮಿಯವರದೂ ಅಂಥದ್ದೇ ಒಂದು ಪುಸ್ತಕ. ಕಾರ್ಖಾನೆಗೆ ಹೋಗುವವರ ಸೈಕಲ್ಲುಗಳಿಗೆ ಪಂಕ್ಚರ್ ಹಾಕುತ್ತಾ, ಆಮೇಲೆ ಬಾಡಿಗೆ ಸೈಕಲ್ ಇಟ್ಟು, ಕೊನೆಗೆ ಹೊಸ ಸೈಕಲ್ ಅಂಗಡಿಯನ್ನೇ ಮಾಡಿದವರು. ಅವರ ಮಾತು ಕೇಳಲು ನಾನು ಶಿವಮೊಗ್ಗದಿಂದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗುತ್ತಿದ್ದೆ. ಮಲವಗೊಪ್ಪ ದಾಟುವಷ್ಟರಲ್ಲೇ ಸೊಂಟ ಹಿಡಿದುಕೊಳ್ಳುತ್ತಿತ್ತು. “ಸ್ವಲ್ಪ ಚೆಂದ ಮಾಡಿ ಬರಿ ಮಾರಾಯ್ತಿ, ನನ್ ಮಾತು ಒರಟು” ಎನ್ನುತ್ತಿದ್ದರು ಅವರು. ಹೆಂಡತಿ ಸುಭದ್ರಮ್ಮ ಕಾಫಿ ತಂದಿಟ್ಟು, ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು. ಒಂದು ದಿನವೂ ತುಟಿ ಬಿಚ್ಚಿದವರಲ್ಲ.

ಪ್ರೂಫ್ ಓದಿ ಹೇಳಲು ಹೋದ ದಿನ ಬಿಚ್ಚಿದರು. ‘ನನಗೆ ಇಬ್ಬರು ಗಂಡುಮಕ್ಕಳು’ ಎಂಬ ಸಾಲಿಗೆ ಬಂದಿದ್ದೆ.

“ನಿಲ್ಸು ಮಗಳೇ,” ಎಂದರು ಸುಭದ್ರಮ್ಮ. “ಸಿರಿ ಎಲ್ಲಿ?”

ಸಿರಿ ಯಾರೆಂದು ನನಗೆ ಗೊತ್ತೇ ಇರಲಿಲ್ಲ. ಇವರ ಚೊಚ್ಚಲ ಮಗಳಂತೆ. ಶಾಲೆಗೆ ಸೇರಿದ ವರ್ಷವೇ ಜ್ವರ ಬಂದು ತೀರಿಕೊಂಡಳಂತೆ. ಹಾಲಸ್ವಾಮಿ ಗೋಡೆ ಕಡೆ ನೋಡುತ್ತಾ, “ಶುಭಕಾರ್ಯದ ಪುಸ್ತಕ ಕಣೇ. ಅದೆಲ್ಲ ಯಾಕೀಗ?” ಎಂದರು.

ಸುಭದ್ರಮ್ಮ ನನ್ನ ಕಡೆ ತಿರುಗಿದರು. “ನೀನಾದ್ರೂ ಒಂದು ಸಾಲು ಸೇರ್ಸಮ್ಮ.”

ಎಷ್ಟೋ ಜನರ ಬಾಯಿಗೆ ಇಲ್ಲದ ಮಾತು ತುರುಕಿದವಳು ನಾನು. ಆ ಬೀದಿ ದೀಪಗಳನ್ನೆಲ್ಲ ಹಚ್ಚಿದವಳೂ ನಾನೇ. ಆದರೆ ಸತ್ತ ಮಗುವಿನ ವಿಷಯವನ್ನು ಅದರ ಅಪ್ಪನ ಹೆಸರಿನಲ್ಲಿ ಬರೆಯಲು ಕೈ ಬರಲಿಲ್ಲ. “ಅಮ್ಮಾ, ಇದು ಅವರ ಆತ್ಮಕಥೆ. ಅವರು ಹೇಳದೇ ಇದ್ದಿದ್ದನ್ನ ನಾನು ಹೆಂಗೆ ಬರೀಲಿ?” ಎಂದೆ.

“ಹಂಗಾದ್ರೆ ನನ್ ಹೆಸರೂ ತೆಗೆದುಬಿಡು. ಮದುವೆ ಫೋಟೋನೂ ತೆಗಿ. ಮಗಳಿಲ್ಲದ ಕಡೆ ತಾಯಿಗೇನು ಕೆಲಸ?” ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಕಾಳಿನ ಬುಟ್ಟಿ ಎತ್ತಿಕೊಂಡು ಒಳಗೆ ಹೊರಟರು.

“ಕೂತ್ಕೊಳೇ,” ಎಂದರು ಹಾಲಸ್ವಾಮಿ. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: “ಬರ್ಕೋ. ಚೆಂದ ಮಾಡ್ಬೇಡ. ಮಗು ಉಳಿಯೋ ಹಂಗಿಲ್ಲ, ಬೇಗ ಬನ್ನಿ ಅಂತ ಮನೆಯಿಂದ ಹೇಳಿ ಕಳಿಸಿದ್ರು. ನಾನು ಅಂಗಡೀಲೇ ಕೂತೆ. ಗಿರಾಕಿಗಳಿದ್ರು, ಅದಕ್ಕೇ ತಡ ಆಯ್ತು ಅಂತ ಇವಳಿಗೆ ಹೇಳ್ದೆ. ಒಬ್ಬ ಗಿರಾಕಿನೂ ಇರ್ಲಿಲ್ಲ. ನೋಡೋಕೆ ಹೆದರಿಕೆ ಆಯ್ತು. ಅಪ್ಪ ಬಂದ್ರಾ, ಅಪ್ಪ ಬಂದ್ರಾ ಅಂತ ಕೇಳ್ತಿದ್ಲಂತೆ. ನಾನು ಎದ್ದು ಬರೋ ಹೊತ್ತಿಗೆ ಮಗು ಹೋಗಿತ್ತು.”

ನನ್ನ ಪೆನ್ನು ಓಡಲಿಲ್ಲ. ಇದನ್ನು ಎಲೆ ಅಡಿಕೆಯ ಜೊತೆ ಊರಿಗೆಲ್ಲ ಹಂಚುವುದೇ? “ಯಜಮಾನ್ರೇ, ಇದನ್ನ ಪುಸ್ತಕಕ್ಕೆ ಹಾಕ್ಲಾ?” ಎಂದು ಕೇಳಿದೆ.

ಅವರು ಹೆಂಡತಿಯ ಕಡೆ ನೋಡಿದರು. ಒಳಬಾಗಿಲಲ್ಲೇ ನಿಂತಿದ್ದ ಸುಭದ್ರಮ್ಮ ಬುಟ್ಟಿ ಹಿಡಿದುಕೊಂಡೇ ಬಂದು ಗಂಡನ ಪಕ್ಕ ಕೂತರು.

“ಹಾಕು ಮಗಳೇ,” ಎಂದರು. “ಇಷ್ಟು ವರ್ಷ ಇಲ್ಲದ ಆ ಗಿರಾಕಿಗಳಿಗೆ ಶಾಪ ಹಾಕ್ಕೊಂಡೇ ಬಂದಿದೀನಿ ನಾನು.”