ನಮ್ಮ ಮನೆಯ ಸರದಿ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಜಪಮಾಲೆ ಪ್ರಾರ್ಥನೆಗೆಂದು ಹೋಗಿದ್ದೆ. ಮಾತೆ ಮರಿಯಳ ಪುಟ್ಟ ಪ್ರತಿಮೆಯಿದ್ದ ಮರದ ಪೆಟ್ಟಿಗೆಯಿಂದ ಕರಗಿದ ಮೇಣದ ಜೊತೆ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆಯೂ ಬಂದಂತಾಯಿತು. ಬರಲು ಕಾರಣವೇ ಇಲ್ಲ. ಆ ಪೆಟ್ಟಿಗೆ ಹೊಸದು, ಆ ಮನೆಯಲ್ಲಿ ಹೊಲಿಯುವವರೂ ಇಲ್ಲ. ಬಾಗಿಲು ಕಿರುಗುಟ್ಟುತ್ತದೆ ಎಂದು ಯಾರೋ ಎಣ್ಣೆ ಬಿಟ್ಟಿದ್ದರೇನೋ... ಆದರೂ ಪ್ರಾರ್ಥನೆ ಮುಗಿಯುವವರೆಗೂ ನಾನು ಅಲ್ಲಿರಲಿಲ್ಲ. ಚಿಕ್ಕಂದಿನಲ್ಲಿ ನಾವಿದ್ದ ಅಟ್ಟೂರಿನ ಗಲ್ಲಿಯಲ್ಲಿ, ಪಕ್ಕದ ಮನೆಯ ಟೈಲರ್ ಆಂಟಿಯ ಕಿಟಕಿಯ ಎದುರು ಇದ್ದೆ.

ಅಕ್ಟೋಬರ್ ಬಂತೆಂದರೆ ಮಾತೆ ಒಂದು ಕಡೆ ಇರುವುದಿಲ್ಲ. ದಿನಕ್ಕೊಂದು ಮನೆ. ಸಂಜೆ ಅಕ್ಕಪಕ್ಕದ ಕ್ರೈಸ್ತರೆಲ್ಲ ಸೇರಿ, ನಿನ್ನೆಯ ಮನೆಯಿಂದ ಇವತ್ತಿನ ಮನೆಗೆ ಹಾಡುತ್ತ ಕರೆದೊಯ್ಯುತ್ತಾರೆ. ಜಪಮಾಲೆ ಆದ ಮೇಲೆ ಕಡಲೆಕಾಳಿನ ಉಸಲಿ, ಟೀ. ಮಾತೆ ಮಾರನೆಯ ಸಂಜೆಯವರೆಗೆ ಆ ಮನೆಯವರು.

ನನ್ನ ತಮ್ಮನಿಗೆ ಜ್ವರ ಏರಿದ್ದು ಮಾತೆ ನಮ್ಮ ಮನೆಯಲ್ಲಿದ್ದ ದಿನ. ಅಪ್ಪ ಪೆಟ್ಟಿಗೆಯ ಮುಂದೆ ಮೊಣಕಾಲೂರಿದವರು ರಾತ್ರಿಯೆಲ್ಲ ಏಳಲೇ ಇಲ್ಲ ಎಂದು ಅಮ್ಮ ಆಮೇಲೆ ಹೇಳಿದ್ದಾಳೆ. ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಗು ವಾಪಸು ಬರಲಿಲ್ಲ. ಅವನ ಮುಖ ನನಗೆ ನೆನಪಿಲ್ಲ. ಫೋಟೋದಲ್ಲಿರುವ ಮುಖವನ್ನೇ ನೆನಪು ಅಂದುಕೊಂಡಿದ್ದೇನೆ.

ಮುಂದಿನ ವರ್ಷ ಎಲ್ಲರೂ ಹಾಡುತ್ತ ನಮ್ಮ ಗೇಟಿನವರೆಗೆ ಬಂದಾಗ ಅಪ್ಪ ಅಡ್ಡ ನಿಂತರು. ಯಶವಂತಪುರದ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದರು, ಬಟ್ಟೆಯನ್ನೂ ಬದಲಾಯಿಸಿರಲಿಲ್ಲ.

"ಆಯಮ್ಮ ಮನೇಲಿದ್ದಾಗ್ಲೇ ಅಲ್ವಾ ಮಗು ಮಲಗಿದ್ದು? ಸಾಕು. ಮುಂದಿನ್ ಮನೆಗ್ ಹೋಗಿ."

ಹಾಡು ನಿಂತಿತು. ಪ್ರಾರ್ಥನೆ ನಡೆಸುತ್ತಿದ್ದ ಹಿರಿಯರು, "ಹಂಗಾದ್ರೆ ಈ ಮನೆ ಬಿಟ್ಬಿಡೋಣ ಕಣ್ರಮ್ಮ" ಎಂದರು. ಆಗ ಟೈಲರ್ ಆಂಟಿ ಗುಂಪಿನ ಹಿಂದಿನಿಂದ ಬಂದರು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. "ಬಿಡೋದೇನ್ ಬಂತು, ಇಲ್ಲಿ ಕೊಡಿ" ಎಂದು ಅವರ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, ಅಪ್ಪನ ಮುಖವನ್ನೂ ನೋಡದೆ ತಮ್ಮ ಮನೆಗೆ ಹೊರಟುಬಿಟ್ಟರು. ಹಿಂದಿನ ದಿನ ಮಾತೆ ಇದ್ದದ್ದೂ ಅವರ ಮನೆಯಲ್ಲೇ.

ಅವರ ಹೊಲಿಗೆ ಮೆಷಿನ್ ಇದ್ದದ್ದು ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾದ ಕಿಟಕಿಯ ಹತ್ತಿರ. ನಡುವೆ ನೀರಿನ ಡ್ರಮ್ ಇಡುವಷ್ಟು ಸಂದಿ. ಆಂಟಿ ಮೆಷಿನ್ ಮೇಲಿನ ಬಟ್ಟೆಗಳನ್ನು ಸರಿಸಿ ಅಲ್ಲಿ ಪೆಟ್ಟಿಗೆ ಇಟ್ಟರು. ಮಾತೆಯ ಮುಖ ನಮ್ಮ ಮನೆಯ ಕಡೆಗೆ, ಬೆನ್ನು ಆಂಟಿಯ ಮನೆಗೆ. ಬಂದವರೆಲ್ಲ ಮಾತೆಯ ಬೆನ್ನ ಹಿಂದೆ ಕೂತು ಜಪಮಾಲೆ ಹೇಳಿದರು. ಅಂಥ ಪ್ರಾರ್ಥನೆಯನ್ನು ನಾನು ಮತ್ತೆಲ್ಲೂ ನೋಡಿಲ್ಲ. ಅವರು ಹೋದ ಮೇಲೆ ಆಂಟಿ ಕಿಟಕಿಯಲ್ಲಿ ಒಂದು ಮೇಣದಬತ್ತಿ ಹಚ್ಚಿಟ್ಟರು.

ಮಾರನೆಯ ದಿನ ನಮ್ಮ ಮೇಲಿನ ಮನೆಯ ಓನರಮ್ಮ ಹೊಲಿಯಲು ಕೊಟ್ಟಿದ್ದ ರವಿಕೆ ಕೇಳಲು ಆಂಟಿಯ ಹತ್ತಿರ ಬಂದರು. ಹಳೆಯ ಅಟ್ಟೂರಿನ ಒಕ್ಕಲು ಮನೆತನದವರು, ನಾಲಿಗೆಗೆ ತಡೆಯಿರಲಿಲ್ಲ. ನಾನು ಅಲ್ಲೇ ಗುಂಡಿ ಹಾಕುತ್ತ ಕೂತಿದ್ದೆ.

"ಏನವ್ವ, ನಿಮ್ಮಮ್ಮನೋರು ಮೊನ್ನೆನೂ ಇಲ್ಲೇ, ಇವತ್ತೂ ಇಲ್ಲೇ? ಊಟ ಅಷ್ಟ್ ಚೆಂದಾಗ್ ಆಕ್ತಿಯೇನು?"

"ಪಕ್ಕದ್ ಮನೆಗೆ ಹೊರಟವ್ರೆ ಕಣಮ್ಮ. ಬಾಗ್ಲು ತೆಗೆಯೋವರ್ಗೂ ಇಲ್ಲಿ ಕೂತಿರ್ತಾರೆ."

"ತೆಗೀದಿದ್ರೆ?"

"ಕೂತಿರ್ತಾರೆ. ಅವ್ರಿಗೇನ್ ರವಿಕೆ ಅರ್ಜೆಂಟಾ?"

ಓನರಮ್ಮ ನಕ್ಕು ಅಲ್ಲೇ ಕೂತರು. ಅವರ ರವಿಕೆ ಅವತ್ತೂ ಆಗಿರಲಿಲ್ಲ.

ಅಲ್ಲಿಂದ ಪ್ರತಿ ವರ್ಷ ಹಾಗೇ ನಡೆಯಿತು. ನಮ್ಮ ಸರದಿ ತಪ್ಪಲಿಲ್ಲ. ನಮ್ಮ ಸರದಿಯ ದಿನ ಮಾತೆ ಆಂಟಿಯ ಕಿಟಕಿಯಲ್ಲಿ ನಮ್ಮ ಕಡೆ ತಿರುಗಿ ಕೂರುತ್ತಿದ್ದರು. ಆಂಟಿ ಈ ವಿಷಯವನ್ನು ಅಪ್ಪನ ಹತ್ತಿರ ಒಂದು ದಿನವೂ ಎತ್ತಲಿಲ್ಲ. ಅವರಿಗೆ ತಮ್ಮ ಕಷ್ಟಗಳೇ ಸಾಕಷ್ಟಿದ್ದವು. ಗಂಡ ಇರಲಿಲ್ಲ, ಬೆನ್ನು ನೋವು ಬಿಡುತ್ತಿರಲಿಲ್ಲ. ದಾರದ ಉಂಡೆ ಸಿಕ್ಕಿಸುವ ಕಡ್ಡಿಗೇ ಜಪಮಾಲೆ ಸುತ್ತಿರುತ್ತಿತ್ತು. ಒಮ್ಮೆ ಕೇಳಿದ್ದೆ, ದೇವರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಾರಾ ಎಂದು.

"ಅದ್ ಅವ್ರಿಗೇ ಗೊತ್ತು ಕಣೇ. ಹೇಳಿದ್ಮೇಲೆ ನಂಗ್ ನಿದ್ದೆ ಬರುತ್ತೆ. ಕೊಡು ಆ ಕತ್ತರಿ."

ಬೇರೆ ಮಾತುಗಳನ್ನು ನಾನು ಸೇರಿಸಿಕೊಂಡಿರಬಹುದು. ಇದು ಮಾತ್ರ ಅವರದೇ. ಆಗ ನನಗೆ ಈ ಉತ್ತರ ತೀರಾ ಸಣ್ಣದು ಅನ್ನಿಸಿತ್ತು. ಈಗ ಆಫೀಸು, ಹೆಬ್ಬಾಳದ ಟ್ರಾಫಿಕ್ಕು, ಅಮ್ಮನ ಮಾತ್ರೆಗಳು ಎಲ್ಲ ಮುಗಿಸಿ ಹಾಸಿಗೆಗೆ ಬಿದ್ದರೂ ಕಣ್ಣು ಮುಚ್ಚದಿರುವಾಗ, ಅಷ್ಟು ಸಿಕ್ಕರೂ ಸಾಕಿತ್ತಲ್ಲ ಎನ್ನಿಸುತ್ತದೆ.

ಅಪ್ಪ ಬಾಗಿಲು ತೆಗೆಯಲಿಲ್ಲ. ಆದರೆ ಆ ಸಂಜೆಗಳಲ್ಲಿ ಸ್ಟೂಲು ಎಳೆದುಕೊಂಡು ನಮ್ಮ ಅಡುಗೆಮನೆಯ ಕಿಟಕಿಯ ಹತ್ತಿರ ಕೂರುತ್ತಿದ್ದರು. ಗಾಳಿಗೆ ಎನ್ನುತ್ತಿದ್ದರು. ಆ ಸಂದಿಯಲ್ಲಿ ಎಂಥ ಗಾಳಿ... ಅವರ ತುಟಿ ಅಲುಗುತ್ತಿದ್ದದ್ದನ್ನು ನೋಡಿದ್ದೇನೆ. ಬೀಡಿ ಬಿಟ್ಟಮೇಲೆ ಬಾಯಲ್ಲಿ ಯಾವಾಗಲೂ ಲವಂಗ ಇಟ್ಟುಕೊಂಡಿರುತ್ತಿದ್ದರು, ಅದನ್ನು ಅಗಿಯುತ್ತಿದ್ದರು ಅಂತಲೂ ಹೇಳಬಹುದು.

ಆ ಮನೆಗಳನ್ನು ಕೆಡವಿ ಎಷ್ಟೋ ಕಾಲವಾಯಿತು. ಅಲ್ಲೀಗ ಪಿ.ಜಿ. ಕಟ್ಟಡ. ಆಂಟಿ ಚಿಕ್ಕಬಾಣಾವರದ ಮಗಳ ಮನೆಗೆ ಹೋದರು. ಅವರು ತೀರಿಕೊಂಡ ಸುದ್ದಿ ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಚಪ್ಪಲಿ ಹಾಕಿಕೊಳ್ಳುವಾಗ ಯಾರೋ ಹೇಳಿದರು. ಆ ಹೊತ್ತಿಗಾಗಲೇ ತೀರಿಕೊಂಡು ತಿಂಗಳಿಗೆ ಮಾಡಿಸುವ ಪೂಜೆಯೂ ಆಗಿತ್ತಂತೆ. ಅಪ್ಪನೂ ಹೋದರು. ಕೊನೆಗೆ ಆಸ್ಪತ್ರೆಗೆ ಫಾದರ್ ಬಂದು ಹಣೆಗೆ ಪವಿತ್ರ ತೈಲ ಹಚ್ಚಿದಾಗ ಅವರಿಗೆ ಪ್ರಜ್ಞೆ ಇರಲಿಲ್ಲ. ಒಪ್ಪಿ ಹಚ್ಚಿಸಿಕೊಂಡರು ಎಂದು ಬಂಧುಗಳಿಗೆ ಹೇಳಿದೆವು. ಬೇಡ ಎನ್ನಲು ಆಗಲಿಲ್ಲ ಅಷ್ಟೇ, ಎಂದು ನನ್ನೊಳಗೆ ಯಾರೋ ಇವತ್ತಿಗೂ ಹೇಳುತ್ತಾರೆ. ಆ ಕೋಪವನ್ನು ಅವರು ಜೊತೆಗೇ ಹೊತ್ತುಕೊಂಡು ಹೋದರೋ, ಎಲ್ಲಾದರೂ ಇಳಿಸಿದ್ದರೋ, ನನಗೆ ಗೊತ್ತಿಲ್ಲ.

ಇಲ್ಲಿ ಸರದಿ ನೋಡಿಕೊಳ್ಳುವ ಮೂರನೇ ಮಹಡಿಯವರು ಇವತ್ತು ಮೆಸೇಜ್ ಕಳಿಸಿದ್ದಾರೆ, ನಾಳೆ ಮಾತೆಯನ್ನು ನಿಮ್ಮ ಮನೆಗೆ ಕರೆತರಬಹುದಾ ಎಂದು. ಅಪ್ಪನಿಗೆ ಬೇಡವಾಗಿದ್ದನ್ನು ಅವರ ಫೋಟೋ ಇರುವ ಗೋಡೆಯ ಕೆಳಗೆ ಇಡುವುದು ಹೇಗೆ? ಉತ್ತರ ಬರೆಯಲು ಹೋಗಿ ಫೋನು ಕೆಳಗಿಟ್ಟೆ.

ಆಗ ಒಂದು ವಿಷಯ ಹೊಳೆಯಿತು. ಆ ಸಂಜೆಗಳಲ್ಲಿ ನಮ್ಮ ಅಡುಗೆಮನೆ ಕತ್ತಲಾಗಿರುತ್ತಿತ್ತು. ಅದಕ್ಕೇ ಮೇಣದಬತ್ತಿಯ ಬೆಳಕು ಅಪ್ಪನ ಮುಖದವರೆಗೂ ಬರುತ್ತಿದ್ದದ್ದು. ಕರೆಂಟ್ ಹೋಗುತ್ತಿತ್ತು ಎಂದೇ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಆದರೆ ಅದೇ ಹೊತ್ತಿಗೆ ಮೇಲಿನ ಮನೆಯಿಂದ ಓನರಮ್ಮನ ಟಿ.ವಿ. ಧಾರಾವಾಹಿಯ ಹಾಡೂ ಕೇಳಿಸುತ್ತಿತ್ತಲ್ಲ?

ಅಮ್ಮ ಬೀನ್ಸ್ ಬಿಡಿಸುತ್ತಿದ್ದಳು. ಹೋಗಿ ಎದುರು ಕೂತು ಕೇಳಿದೆ. ಅವಳು ಬೀನ್ಸ್ ನಾರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅಪ್ಪನ ಫೋಟೋದ ಕಡೆ ನೋಡಿದಳು. ನಾನು ಕೇಳಿದ್ದು ಇಷ್ಟೇ:

"ಅಮ್ಮಾ, ಆಂಟಿ ಮನೆ ಕಿಟಕೀಲಿ ಮಾತೆ ಇರ್ತಿದ್ದಾಗ ನಮ್ಮ ಅಡುಗೆಮನೆ ಲೈಟ್ ಆರಿಸ್ತಿದ್ದಿದ್ದು ಯಾರು? ನೀನಾ, ಅಪ್ಪನಾ?"