ದೀಪಾಳ ಹಿಮ್ಮಡಿ, ಸರ್ ಅಂಗೈ

ಗೆಳೆಯರೇ, ಚನ್ನಗಿರಿಯ ಮೈದಾನದಲ್ಲಿ ಇವತ್ತು ಸಂಜೆಬಿಸಿಲು ಧೂಳಿನಲ್ಲಿ ತೇಲುತ್ತಿತ್ತು. ಹುಡುಗಿಯರ ಖೋಖೋ ಆಯ್ಕೆ ನೋಡುತ್ತ ಕೂತವನು, ನಾನೇ ಬರಿಗಾಲಲ್ಲಿ ಓಡುತ್ತಿದ್ದ ಕಾಲಕ್ಕೆ ಮೆಲ್ಲಗೆ ಜಾರಿದ್ದೆ.

ತರಬೇತುದಾರ ಸರ್ ದನಿಗೆ ಎಚ್ಚರವಾಯಿತು. "ತೊಡೆ ಹಿಂದಿನ ಸ್ನಾಯುವಿಗೆ ಬಲಾನೇ ಇಲ್ಲ. ಓಡಿದ್ರೆ ಹರ್ಕೊಳ್ತೀಯ. ಈ ಸಲ ತಂಡ ಬೇಡಮ್ಮ."

ಸಂತೇಬೆನ್ನೂರಿನ ದೀಪಾ ಬೋರಲು ಮಲಗಿದ್ದಳು. ಬಲ ಅಳೆಯುವ ಪುಟ್ಟ ಯಂತ್ರವನ್ನು ಸರ್ ಅಂಗೈಯಲ್ಲಿ ಹಿಡಿದು ಅವಳ ಹಿಮ್ಮಡಿಗೆ ಆನಿಸಿದ್ದರು. ಮಂಡಿ ಮಡಚುತ್ತ ಅದನ್ನು ಜೋರಾಗಿ ಒತ್ತಬೇಕಿತ್ತು. ಅವಳು ಎದ್ದವಳೇ ಅವರ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ನನಗೆ ರೇಗಿತು. ಈಗಷ್ಟೇ ಗಾಳಿಯಂತೆ ಓಡಿದ ಹುಡುಗಿಯನ್ನು ಬಿಟ್ಟು ಅಂಕಿಯನ್ನೇ ನಂಬುತ್ತಾರಲ್ಲ!

"ಯಾಕಮ್ಮ, ಪೂರ್ತಿ ಒತ್ತಲಿಲ್ಲ?" ಎಂದು ಅವಳನ್ನೇ ಕೇಳಿದೆ.

"ಹೆಂಗೆ ಒತ್ತಾಕೆ ಆಗ್ತೈತ್ರೀ ತಾತಾ? ಸರ್ ಕೈ ಐತಲ್ಲ. ದೊಡ್ಡೋರಿಗೆ ಕಾಲು ತಾಗಿಸಾಕೆ ಆಗ್ತೈತಾ?"

"ಸರ್, ನಿಮ್ಮ ಕೈ ತೆಗೀರಿ. ಅದನ್ನ ಕಂಬಕ್ಕೆ ಕಟ್ರಿ" ಎಂದೆ.

ಸರ್ ನಕ್ಕರು. ಆದರೂ ಯಂತ್ರವನ್ನು ಖೋಖೋ ಕಂಬಕ್ಕೆ ಬಿಗಿದು, ಅದರ ಪಟ್ಟಿಯನ್ನು ಅವಳ ಹಿಮ್ಮಡಿಗೆ ಸುತ್ತಿದರು. ದೀಪಾ ಮತ್ತೆ ಬೋರಲು ಮಲಗಿ, ಮಂಡಿ ಮಡಚಿ ಎಳೆದಳು. ಕಂಬ ಅಲುಗಿತು. ಬಿಸಿಲೂ ಒಮ್ಮೆ ಅಲುಗಿದಂತೆ ಕಂಡಿತು.

ಸರ್ ಅಂಕಿ ನೋಡಿದರು. "ಅಯ್ಯಯ್ಯೋ, ಕುದುರೆ ಐತಲ್ರೀ ಇದು!" ಎಂದು ಅವಳನ್ನು ತಂಡಕ್ಕೆ ಸೇರಿಸಿಕೊಂಡರು.

ಹೊರಡುವ ಮುನ್ನ ದೀಪಾ ಕಂಬವನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಮಸ್ಕಾರ ಸರ್‌ಗೂ ಕಂಬಕ್ಕೂ ಸಿಕ್ಕಿತು. ಅವಳ ಪೂರ್ತಿ ಬಲ ಸಿಕ್ಕಿದ್ದು ಮಾತ್ರ ಕಂಬಕ್ಕೆ.